ಯಾವ ಕಂಡೆನ್ಸರ್ ಸಾರ್?

ಮಾರ್ಚ್ ತಿಂಗಳ ಒಂದು ಶನಿವಾರ ರಾತ್ರಿ ಅಪ್ಪ ರೂಮಿನಿಂದ ಕೂಗಿದರು. "ಇದು ಬರೀ ಗಾಳಿ ಬಿಡ್ತಾ ಉಂಟು ಮಗ. ತಣ್ಣಗೆ ಇಲ್ಲ."

ಕೊಡಗಿನ ಮನೆಯಲ್ಲಿ ಎಸಿ ಇದೆ ಅಂದರೆ ಕೇಳಿದವರೆಲ್ಲ ನಗುತ್ತಾರೆ. ಮಡಿಕೇರಿಯವರಂತೂ ಜಾಸ್ತಿ ನಗುತ್ತಾರೆ. ನಮ್ಮದು ಸಿದ್ದಾಪುರದ ಕಡೆ. ಇಲ್ಲಿ ಮಾರ್ಚ್, ಏಪ್ರಿಲ್ ಅಂದರೆ ಸುಮ್ನೆ ಕೂತರೂ ಬೆವರು. ಆದರೆ ಎಸಿ ತಂದದ್ದು ಸೆಕೆಗೆ ಅಲ್ಲ, ಧೂಳಿಗೆ. ಅಪ್ಪನಿಗೆ ಉಬ್ಬಸ. ಅವರ ರೂಮಿನ ಕಿಟಕಿ ತೆರೆದರೆ ಎದುರಿಗೇ ಕಾಫಿ ಕಣ. ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ ಚೆರಿ ಅಲ್ಲೇ ಒಣಗುತ್ತದೆ. ಒಣಗಿದ ಚೆರಿಯನ್ನು ದಿನಕ್ಕೆ ನಾಲ್ಕೈದು ಸಲ ಎಳೆದು ಮಗುಚುವಾಗ ಏಳುವ ಧೂಳು ನೋಡಿದವರಿಗೇ ಗೊತ್ತು. ಕಿಟಕಿ ಮುಚ್ಚಿದರೆ ರೂಮು ಒಲೆ, ತೆರೆದರೆ ಕೆಮ್ಮು. ಹಾಗಾಗಿ 2019ರಲ್ಲಿ ಒಂದೂವರೆ ಟನ್ನಿನ ಸಾದಾ ಸ್ಪ್ಲಿಟ್ ಎಸಿ ಹಾಕಿಸಿದೆ. ಇನ್ವರ್ಟರ್ ಅಲ್ಲ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಒಂದೇ ವೇಗದಲ್ಲಿ ಓಡುತ್ತದೆ, ಇಲ್ಲವೇ ನಿಲ್ಲುತ್ತದೆ, ಅಷ್ಟೇ.

ಜೂನ್ ಬಂದ ಮೇಲೂ ಅದಕ್ಕೆ ಕೆಲಸ ಇದೆ. ಮಳೆಗಾಲದಲ್ಲಿ ದಿನಕ್ಕೆ ಎರಡು ಗಂಟೆ ತೇವ ಎಳೆಯುವ ಡ್ರೈ ಮೋಡ್‌ನಲ್ಲಿ ಬಿಟ್ಟರೆ ಅಪ್ಪನ ಸ್ವೆಟರಿಗೆ ಬೂಸ್ಟು ಹಿಡಿಯುವುದಿಲ್ಲ. ಇದು ಎಸಿಗೆ ಮಾಡುವ ಅವಮಾನ ಏನಲ್ಲ. 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಈ ಯಂತ್ರದ ಮೊದಲ ನಕ್ಷೆ ಹಾಕಿದ್ದೇ ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ. ಅಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲವಂತೆ.

ಸರಿ, ರಿಪೇರಿಗೆ ಬರೋಣ.

ಶನಿವಾರ ರಾತ್ರಿ

ಮೊದಲು ಪೇಟೆಯ ಮೆಕ್ಯಾನಿಕ್ ಹುಡುಗನಿಗೆ ಫೋನ್ ಮಾಡಿದೆ. ಎರಡು ಮಾತು ಕೇಳುವಷ್ಟರಲ್ಲಿ ತೀರ್ಪು ಬಂತು. "ಗ್ಯಾಸ್ ಖಾಲಿ ಆಗಿರ್ತದೆ ಸಾರ್. ಮೂರೂವರೆ ಸಾವಿರ. ಬುಧವಾರ ಬರ್ತೇನೆ."

ಅಮ್ಮ ಪಕ್ಕದಲ್ಲೇ ಇದ್ದರು. "ಗ್ಯಾಸ್ ತಾನೆ? ಸಿಲಿಂಡರ್ ಬದಲಾಯಿಸಿದ್ರೆ ಆಯ್ತಲ್ಲ" ಅಂದರು.

ಅಮ್ಮನ ತಪ್ಪಿಲ್ಲ. 'ಗ್ಯಾಸ್ ಖಾಲಿ' ಅನ್ನುವ ಮಾತೇ ಹಾಗಿದೆ. ಅಡುಗೆ ಗ್ಯಾಸು ಉರಿದು ಮುಗಿಯುತ್ತದೆ. ಎಸಿಯ ಗ್ಯಾಸು ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಒಳಗೆ ಶಾಖ ಎತ್ತಿಕೊಂಡು ಹೊರಗೆ ಚೆಲ್ಲಿ ಬರುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಮುಚ್ಚಿದ ಪೈಪಿನೊಳಗೆ ಅದದೇ ಗ್ಯಾಸು ಸುತ್ತು ಹಾಕುತ್ತಿರುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಸೋರಿದ ಜಾಗ ಹುಡುಕದೆ ಮತ್ತೆ ತುಂಬುವುದು ತೂತು ಬಿದ್ದ ಕೊಡಕ್ಕೆ ನೀರು ಹಾಕಿದ ಹಾಗೆ.

ಬುಧವಾರದವರೆಗೆ ಕಾಯುವ ಮನಸ್ಸಿರಲಿಲ್ಲ. ನಾನು ಎಸಿ ಮೆಕ್ಯಾನಿಕ್ ಅಲ್ಲ. ತೋಟದ ಪಂಪ್‌ಸೆಟ್‌ಗಳನ್ನು ಇಪ್ಪತ್ತು ವರ್ಷದಿಂದ ಬಿಚ್ಚಿ ಕಟ್ಟಿದ್ದೇನೆ, ಅಷ್ಟೇ ಬಂಡವಾಳ. ಗ್ಯಾಸಿನ ಲೈನ್ ಮುಟ್ಟುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡೆ. ನಮ್ಮದರಲ್ಲಿರುವುದು ಆರ್-32 ಅನ್ನುವ ಗ್ಯಾಸು. ಅದಕ್ಕೆ ಬೆಂಕಿ ಹಿಡಿಯುವ ಗುಣ ಸ್ವಲ್ಪ ಇದೆ, ಒತ್ತಡವೂ ಜಾಸ್ತಿ. ಎಸಿ ಆಫ್ ಇದ್ದಾಗಲೇ 30 ಡಿಗ್ರಿ ಸೆಕೆಯಲ್ಲಿ ಪೈಪಿನೊಳಗೆ ಸುಮಾರು 265 ಪಿಎಸ್‌ಐ ಇರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಮೂವತ್ತು ಚಿಲ್ಲರೆ. ಅದರ ನಟ್ಟು ಸಡಿಲಿಸುವ ಧೈರ್ಯ ನನಗೆ ಬೇಡ.

ರಾತ್ರಿ ಮಾಡಿದ್ದು ಇಷ್ಟೇ. ರಿಮೋಟ್ ಕೂಲ್ ಮೋಡ್‌ನಲ್ಲೇ ಇದೆಯಾ ನೋಡಿದೆ, ಇತ್ತು. ಫಿಲ್ಟರ್ ಬಿಚ್ಚಿದೆ, ಹೋದ ವಾರ ತೊಳೆದದ್ದು, ಚೊಕ್ಕವಾಗಿತ್ತು. ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟಿರಲಿಲ್ಲ. ಅಪ್ಪ 16ಕ್ಕೆ ಇಟ್ಟಿದ್ದರು. 16ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆ ಅಂತ ಅವರ ನಂಬಿಕೆ. ಒಂದೇ ವೇಗದ ಕಂಪ್ರೆಸರ್‌ಗೆ 16 ಆದರೂ ಒಂದೇ, 24 ಆದರೂ ಒಂದೇ. ಎಲ್ಲಿ ನಿಲ್ಲಬೇಕು ಅನ್ನುವುದಷ್ಟೇ ಬೇರೆ. ಇದನ್ನು ಅಪ್ಪನಿಗೆ ಐದು ವರ್ಷದಿಂದ ಹೇಳುತ್ತಿದ್ದೇನೆ.

ಮಗಳು ಎರಡು ಥರ್ಮಾಮೀಟರ್ ಹಿಡಿದಳು. ಎಸಿ ಎಳೆದುಕೊಳ್ಳುವ ಗಾಳಿ 29 ಡಿಗ್ರಿ. ಬಿಡುವ ಗಾಳಿ 28. ಸರಿಯಾಗಿದ್ದರೆ ಇವೆರಡರ ನಡುವೆ ಎಂಟರಿಂದ ಹನ್ನೆರಡು ಡಿಗ್ರಿ ವ್ಯತ್ಯಾಸ ಇರಬೇಕು. ಇದು ಫ್ಯಾನ್ ಆಗಿತ್ತೇ ಹೊರತು ಎಸಿ ಆಗಿರಲಿಲ್ಲ.

ಭಾನುವಾರ ಬೆಳಗ್ಗೆ

ಹೊರಗಿನ ಯೂನಿಟ್ ಮನೆಯ ಹಿಂದಿನ ಗೋಡೆಗೆ ಇದೆ, ಕಣದ ಬದಿಯಲ್ಲೇ. ಎಸಿ ಹಾಕಿ ಅದರ ಪಕ್ಕ ನಿಂತೆ. ಮೂರು ನಿಮಿಷ ಕಾಯಬೇಕು, ಕಂಪ್ರೆಸರ್‌ಗೆ ಆ ವಿರಾಮ ಇಟ್ಟೇ ಮಾಡಿರುತ್ತಾರೆ. ಫ್ಯಾನ್ ತಿರುಗಿತು. ಆಮೇಲೆ 'ಹೂಂ' ಅಂತ ಒಂದು ಗುನುಗು. ಅಡುಗೆಮನೆಯ ಬಲ್ಬು ಮಂಕಾಯಿತು. ಐದಾರು ಸೆಕೆಂಡಿಗೆ 'ಟಕ್'. ಗುನುಗು ನಿಂತಿತು, ಫ್ಯಾನ್ ಮಾತ್ರ ತಿರುಗುತ್ತಲೇ ಇತ್ತು.

ಆ 'ಹೂಂ' ಕೇಳಿದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಸಿಂಗಲ್ ಫೇಸ್ ಮೋಟಾರ್ ಇಟ್ಟುಕೊಂಡ ಯಾರಿಗಾದರೂ ಆ ಸದ್ದು ಗೊತ್ತಿರುತ್ತದೆ. ಮೋಟಾರಿಗೆ ಕರೆಂಟ್ ಬರುತ್ತಿದೆ, ತಿರುಗಲು ಆಗುತ್ತಿಲ್ಲ.

ಗುಮಾನಿ ಸಾಲದು, ಲೆಕ್ಕ ಬೇಕು ಅಂತ ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ತಂದೆ. ಇಲ್ಲೊಂದು ಮಾತು. ಕ್ಲಾಂಪನ್ನು ಇಡೀ ಕೇಬಲ್ ಸುತ್ತ ಹಾಕಿದರೆ ಸೊನ್ನೆ ತೋರಿಸುತ್ತದೆ. ಹೋಗುವ ಕರೆಂಟು, ಬರುವ ಕರೆಂಟು ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಒಂದೇ ವೈರ್ ಸುತ್ತ ಹಾಕಬೇಕು. ನಾನು ಮೊದಲ ಸಲ ಕ್ಲಾಂಪ್ ಕೊಂಡಾಗ ಮೀಟರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ದಿದ್ದೆ.

ಮೀಟರ್ ಹೇಳಿದ್ದು: ಗುನುಗುವಾಗ 34 ಆಂಪ್ಸ್. 'ಟಕ್' ಆದ ಮೇಲೆ ಅರ್ಧ ಆಂಪ್ಸಿಗಿಂತ ಸ್ವಲ್ಪ ಜಾಸ್ತಿ, ಅದು ಫ್ಯಾನಿಂದು. ಯೂನಿಟ್ಟಿನ ತಗಡಿನ ಮೇಲೆ ಬರೆದಿರುವ ಲೆಕ್ಕ 7.6 ಆಂಪ್ಸ್.

ಇಲ್ಲಿಗೆ ಗ್ಯಾಸಿನ ಕತೆ ಮುಗಿಯಿತು. ಗ್ಯಾಸ್ ಸೋರಿದ್ದರೆ ಕಂಪ್ರೆಸರ್ ಹಾಯಾಗಿ ಓಡುತ್ತಿತ್ತು. ಒತ್ತಲು ಏನೂ ಇಲ್ಲದೆ ಕರೆಂಟನ್ನು ಕಡಿಮೆಯೇ ಎಳೆಯುತ್ತಿತ್ತು. ಸಣ್ಣ ಪೈಪಿನ ವಾಲ್ವ್ ಹತ್ತಿರ ಬಿಳಿ ಐಸ್ ಕಟ್ಟುತ್ತಿತ್ತು, ದಪ್ಪ ಪೈಪು ಬೆಚ್ಚಗಿರುತ್ತಿತ್ತು. ಇಲ್ಲಿ ಎರಡು ಪೈಪೂ ಬಿಸಿಲಿನ ಬಿಸಿಗೇ ಇದ್ದವು. ಕಂಪ್ರೆಸರ್ ತಿರುಗಿದರೆ ತಾನೆ ಗ್ಯಾಸಿನ ಮಾತು!

ಮೆಯಿನ್ ಎಂಸಿಬಿ ಇಳಿಸಿದೆ. ಸ್ಟೆಬಿಲೈಸರ್ ಪ್ಲಗ್ಗೂ ಕಿತ್ತೆ. ಯಾರೂ ಹಾಕಬಾರದು ಅಂತ ಮಗಳನ್ನು ಬೋರ್ಡಿನ ಹತ್ತಿರ ಕಾವಲಿಗೆ ನಿಲ್ಲಿಸಿದೆ. ಬದಿಯ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಒಳಗೆ ಮೊದಲು ಸಿಕ್ಕಿದ್ದು ಒಂದು ಹಲ್ಲಿಯ ಅಸ್ಥಿಪಂಜರ, ಎರಡನೆಯದು ಇರುವೆ ಗೂಡು. ಮೂರನೆಯದು ಕೆಪಾಸಿಟರ್, ಕಂಪ್ರೆಸರಿನ ಮೋಟಾರ್ ಎದ್ದು ತಿರುಗಲು ಒತ್ತು ಕೊಡುವ ಭಾಗ. ಅಲ್ಯೂಮಿನಿಯಂ ಡಬ್ಬಿ, ತಲೆ ಪೂರಿಯ ಹಾಗೆ ಉಬ್ಬಿಕೊಂಡಿತ್ತು.

ಮುಟ್ಟುವ ಮುಂಚೆ ಒಂದು ಕೆಲಸ. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್ ಒಳಗೆ ಚಾರ್ಜ್ ಉಳಿದಿರುತ್ತದೆ. ಕೈ ಇಟ್ಟರೆ ಎಸೆಯುತ್ತದೆ. ಕೆಲವರು ಸ್ಕ್ರೂಡ್ರೈವರ್ ಅಡ್ಡ ಇಟ್ಟು 'ಪಟ್' ಅನ್ನಿಸುತ್ತಾರೆ. ಕಿಡಿ ಹಾರುತ್ತದೆ, ಟರ್ಮಿನಲ್ ಸುಡುತ್ತದೆ, ನೋಡುವವರಿಗೆ ಚಂದ. ನಾನು ಹಳೇ 100 ವ್ಯಾಟಿನ ಬಲ್ಬು, ಹೋಲ್ಡರ್, ಎರಡು ತುಂಡು ವೈರ್ ಇಟ್ಟುಕೊಂಡಿದ್ದೇನೆ. ಅದನ್ನು ಎರಡು ಟರ್ಮಿನಲ್‌ಗೆ ಹಿಡಿದರೆ ಚಾರ್ಜ್ ಬಲ್ಬಿನಲ್ಲಿ ಇಳಿದು ಹೋಗುತ್ತದೆ. ಆಮೇಲೆ ಮೀಟರಿನಲ್ಲಿ ವೋಲ್ಟ್ ಸೊನ್ನೆ ಇದೆಯಾ ನೋಡಿಯೇ ಕೈ ಹಾಕಿದ್ದು. ವೈರ್ ಕೀಳುವ ಮುಂಚೆ ಮೊಬೈಲಿನಲ್ಲಿ ಮೂರು ಫೋಟೋ ತೆಗೆದೆ. ನೆನಪಿಟ್ಟುಕೊಳ್ಳುತ್ತೇನೆ ಅಂದುಕೊಂಡು ಕೆಟ್ಟವನು ನಾನು.

ಡಬ್ಬಿಯ ಮೇಲೆ 45 ಮೈಕ್ರೋಫ್ಯಾರಡ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ), 440 ವೋಲ್ಟ್, ಐದು ಪರ್ಸೆಂಟ್ ಹೆಚ್ಚು ಕಡಿಮೆ ಅಂತ ಇತ್ತು. ಅಂದರೆ 42.75ರಿಂದ 47.25ರ ಒಳಗೆ ಇರಬೇಕು. ಮೀಟರ್ ತೋರಿಸಿದ್ದು 19.4.

ಹೊಸದು ಹಾಕುವ ಮುಂಚೆ ಕಂಪ್ರೆಸರ್ ಸತ್ತಿಲ್ಲ ತಾನೆ ಅಂತ ನೋಡಬೇಕು. ಅದರ ತಲೆಯ ಮೇಲೆ ಮೂರು ಪಿನ್ನು: ಕಾಮನ್, ರನ್, ಸ್ಟಾರ್ಟ್. ಕಾಮನ್‌ನಿಂದ ರನ್‌ಗೆ 2.1 ಓಮ್. ಕಾಮನ್‌ನಿಂದ ಸ್ಟಾರ್ಟ್‌ಗೆ 2.9. ರನ್‌ನಿಂದ ಸ್ಟಾರ್ಟ್‌ಗೆ 5.0. ಮೊದಲಿನ ಎರಡು ಕೂಡಿದರೆ ಮೂರನೆಯದು ಬರಬೇಕು, ಬಂತು. ಯಾವ ಪಿನ್ನಿನಿಂದಲೂ ಕಂಪ್ರೆಸರಿನ ಲೋಹದ ಮೈಗೆ ಕನೆಕ್ಷನ್ ಇಲ್ಲ. ಒಳಗಿನ ತಂತಿಯ ಸುತ್ತು, ಅಂದರೆ ವೈಂಡಿಂಗ್, ಗಟ್ಟಿ ಇದೆ. ಅರ್ಧ ಲೋಟ ಕಾಫಿ ಕುಡಿಯುವಷ್ಟು ಸಮಾಧಾನ ಆಯಿತು.

ಅಂಗಡಿಯಲ್ಲಿ

ಸಿದ್ದಾಪುರದಲ್ಲಿ ಭಾನುವಾರ ಬಾಗಿಲು ತೆರೆದಿದ್ದ ಒಂದು ಎಲೆಕ್ಟ್ರಿಕಲ್ ಅಂಗಡಿ ಸಿಕ್ಕಿತು.

"ಎಸಿಗೆ ಕಂಡೆನ್ಸರ್ ಬೇಕಿತ್ತು."

"ಯಾವ ಕಂಡೆನ್ಸರ್ ಸಾರ್?"

ಒಳ್ಳೆಯ ಪ್ರಶ್ನೆ. ನಮ್ಮ ಕಡೆ ಫ್ಯಾನಿನದ್ದಾಗಲಿ, ಪಂಪಿನದ್ದಾಗಲಿ, ಕೆಪಾಸಿಟರಿಗೆ ಎಲ್ಲರೂ ಹೇಳುವುದು ಕಂಡೆನ್ಸರ್ ಅಂತಲೇ. ಎಸಿಯವರ ಬಾಯಲ್ಲಿ ಕಂಡೆನ್ಸರ್ ಅಂದರೆ ಹೊರಗಿನ ಯೂನಿಟ್ಟಿನ ದೊಡ್ಡ ಕಾಯಿಲ್, ಶಾಖ ಬಿಡುವ ಜಾಲರಿ. ನಾನು ಜೇಬಿನಿಂದ ಉಬ್ಬಿದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಆ ಪ್ರಶ್ನೆಯನ್ನು ಅವತ್ತು ತಮಾಷೆ ಅಂತ ಬಿಟ್ಟುಬಿಟ್ಟೆ. ಬುಧವಾರ ನೆನಪಾಯಿತು.

45 ಇರಲಿಲ್ಲ. ಅಂಗಡಿಯವರು ಒಂದು ಕಪ್ಪು ಪ್ಲಾಸ್ಟಿಕ್ಕಿನದು ಕೊಟ್ಟರು. 100-120 ಅಂತ ಬರೆದಿತ್ತು. "ಇದು ಹಾಕಿ, ಇನ್ನೂ ಜೋರಾಗಿ ಎತ್ತುತ್ತದೆ." ಅದು ಸ್ಟಾರ್ಟಿಂಗ್ ಕೆಪಾಸಿಟರ್. ಮೋಟಾರ್ ಎದ್ದ ಕೂಡಲೇ ಬಿಟ್ಟುಕೊಳ್ಳುವ ಜಾಗದಲ್ಲಿ ಒಂದೆರಡು ಸೆಕೆಂಡಿನ ಕೆಲಸಕ್ಕೆ ಮಾಡಿದ್ದು. ಎಸಿಯಲ್ಲಿ ಕೆಪಾಸಿಟರ್ ಇಡೀ ಹೊತ್ತು ಲೈನಿನಲ್ಲೇ ಇರುತ್ತದೆ. ಅಲ್ಲಿ ಇದನ್ನು ಹಾಕಿದರೆ ಹೊಗೆ ಬರುತ್ತದೆ, ಇಲ್ಲವೇ ಒಡೆಯುತ್ತದೆ. ಬೇಡ ಅಂದೆ.

ಪಂಪ್‌ಸೆಟ್ಟಿನ ರನ್ನಿಂಗ್ ಕೆಪಾಸಿಟರ್ 36 ಇತ್ತು, 10 ಇತ್ತು. ಎರಡೂ 440 ವೋಲ್ಟಿನವು. ಕೆಪಾಸಿಟರ್‌ಗಳನ್ನು ಪಕ್ಕಪಕ್ಕ ಸೇರಿಸಿದರೆ, ಅಂದರೆ ಪ್ಯಾರಲಲ್‌ನಲ್ಲಿ, ಮೈಕ್ರೋಫ್ಯಾರಡ್ ಕೂಡುತ್ತದೆ. 36 ಕೂಡಿಸು 10, 46. ಐದು ಪರ್ಸೆಂಟಿನ ಒಳಗೇ ಬಂತು! ಎರಡನ್ನೂ ಕೊಂಡೆ. ಹೇಗಿದ್ದರೂ ಪಂಪಿಗೆ ಬೇಕಾಗುತ್ತದೆ, ದುಡ್ಡು ಹಾಳಲ್ಲ.

ಮನೆಗೆ ಬಂದು ಎರಡನ್ನೂ ಮೀಟರಿಗೆ ಹಿಡಿದೆ. ಹೊಸದಾದರೂ ಅಳೆಯದೆ ಹಾಕಬಾರದು. ಸೇರಿಸಿದಾಗ 45.3. ಒಂದಕ್ಕೊಂದು ಕಟ್ಟಿ, ಟರ್ಮಿನಲ್‌ಗಳಿಗೆ ಕರೆಂಟ್ ತಾಗದ ಹಾಗೆ ಸ್ಲೀವ್ ತೊಡಿಸಿ, ಮುಚ್ಚಳದ ಒಳಗೇ ಹೇಗೋ ತುರುಕಿದೆ. ಎಂಸಿಬಿ ಎತ್ತಿ ಮೂರು ನಿಮಿಷ ಕಾದೆವು. 'ಹೂಂ' ಬರಲೇ ಇಲ್ಲ. ಕಂಪ್ರೆಸರ್ ಸೀದಾ ಎದ್ದು ಓಡಿತು. ಹತ್ತು ನಿಮಿಷಕ್ಕೆ ಒಳಗೆ 29, ಬಿಡುವ ಗಾಳಿ 20.

ಸೋಮವಾರ ಕುಶಾಲನಗರಕ್ಕೆ ಹೇಗೂ ಹೋಗುವುದಿತ್ತು. ಅಲ್ಲಿ ಸರಿಯಾದ 45 ಸಿಕ್ಕಿತು, 280 ರೂಪಾಯಿ. ಪಂಪಿನ ಜೋಡಿಯನ್ನು ಬಿಚ್ಚಿ ಅದನ್ನು ಕೂರಿಸಿದೆ. ಮೆಕ್ಯಾನಿಕ್ ಹುಡುಗನಿಗೆ ಬರುವುದು ಬೇಡ ಅಂತ ಫೋನ್ ಮಾಡಿದೆ. ಮಾತಿನಲ್ಲಿ ಸ್ವಲ್ಪ ಜಂಬವೂ ಇತ್ತು ಅಂತ ಮಗಳು ಹೇಳುತ್ತಾಳೆ.

ಬುಧವಾರ ಮಧ್ಯಾಹ್ನ

ಎರಡೂವರೆಗೆ ಎಸಿ ನಿಂತಿತು.

ಹೊರಗೆ ಹೋಗಿ ನೋಡಿದರೆ ಫ್ಯಾನ್ ತಿರುಗುತ್ತಿದೆ, ಕಂಪ್ರೆಸರ್ ಸುಮ್ಮನಿದೆ. ಈ ಸಲ ಗುನುಗೂ ಇಲ್ಲ. ಕೆಪಾಸಿಟರ್ ಅಳೆದೆ, 44.8. ಸರಿ ಇದೆ. ಕಂಪ್ರೆಸರ್ ಮೈ ಹತ್ತಿರ ಕೈ ಹಿಡಿದರೆ ಕಾದ ಹೆಂಚು. ಅದರ ತಲೆ ಮೇಲೆ ಒಂದು ಓವರ್‌ಲೋಡ್ ಸ್ವಿಚ್ ಇರುತ್ತದೆ. ಮೈ ಕಾದರೆ ಅಥವಾ ಕರೆಂಟ್ ಜಾಸ್ತಿ ಎಳೆದರೆ ತಾನೇ ಬಿಟ್ಟುಕೊಳ್ಳುತ್ತದೆ, ತಣ್ಣಗಾದ ಮೇಲೆ ತಾನೇ ಕೂಡಿಕೊಳ್ಳುತ್ತದೆ. ಮತ್ತೆ ಮತ್ತೆ ಆನ್ ಆಫ್ ಮಾಡಿದರೆ ಏನೂ ಪ್ರಯೋಜನವಿಲ್ಲ. ಮುಕ್ಕಾಲು ಗಂಟೆ ಕಾದೆ. ಕೂಡಿಕೊಂಡಿತು, ಓಡಿತು. ಕ್ಲಾಂಪ್ ಹಾಕಿದೆ. ಮೊದಲು 8.5, ಇಪ್ಪತ್ತು ನಿಮಿಷದಲ್ಲಿ 9.8 ಆಂಪ್ಸ್. 7.6 ಇರಬೇಕಾದದ್ದು.

ಭಾನುವಾರ ನಾನು ಓಡುವಾಗಿನ ಆಂಪ್ಸ್ ನೋಡಿರಲೇ ಇಲ್ಲ. ತಣ್ಣಗೆ ಗಾಳಿ ಬಂತು, ಖುಷಿಯಲ್ಲಿ ಮೀಟರ್ ಎತ್ತಿಟ್ಟಿದ್ದೆ. ಅವತ್ತು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಫ್ಯಾನಿನ ಮುಂದೆ ಕೈ ಹಿಡಿದೆ. ಬಿಸಿ ಗಾಳಿ ಬರುತ್ತಿದೆ, ಆದರೆ ಉಸಿರು ಕಟ್ಟಿದವರ ಹಾಗೆ ಮೆಲ್ಲಗೆ. ಮುಂದಿನಿಂದ ನೋಡಿದರೆ ಜಾಲರಿ ಚೊಕ್ಕ. ಹೊರಗಿನ ಯೂನಿಟ್ ಗಾಳಿಯನ್ನು ಹಿಂದಿನಿಂದ ಎಳೆದು ಮುಂದಕ್ಕೆ ದೂಡುತ್ತದೆ. ಕಸ ಹಿಡಿಯುವುದು ಬೆನ್ನಿಗೆ. ನಮ್ಮ ಯೂನಿಟ್ಟಿನ ಬೆನ್ನು ಗೋಡೆಯ ಕಡೆ, ನಡುವೆ ಒಂದು ಗೇಣೂ ಜಾಗ ಇಲ್ಲ. ಮೊಬೈಲನ್ನು ಸಂದಿಯಲ್ಲಿ ತೂರಿಸಿ ಫೋಟೋ ತೆಗೆದೆ.

ಕಾಯಿಲ್ ಕಾಣಲೇ ಇಲ್ಲ. ಕಂಬಳಿ ಹೊದ್ದುಕೊಂಡಿತ್ತು.

ಯಾವ ಕಂಡೆನ್ಸರ್ ಸಾರ್? ಎರಡೂ!

ಎಂಸಿಬಿ ಇಳಿಸಿ, ಮೇಲಿನ ಮುಚ್ಚಳ, ಮುಂದಿನ ಗ್ರಿಲ್ ಎಲ್ಲ ಬಿಚ್ಚಿದೆ. ಕರೆಂಟಿನ ಭಾಗಕ್ಕೆ ಹಳೇ ರಸಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತಿದೆ. ಬೆನ್ನಿನ ಕಂಬಳಿಯನ್ನು ಮೊದಲು ಒಣಗಿದ ಹಾಗೇ ಮೆತ್ತನೆ ಬ್ರಷ್‌ನಿಂದ ಉಜ್ಜಿದೆ, ಮೇಲಿನಿಂದ ಕೆಳಕ್ಕೆ, ರೆಕ್ಕೆಗಳ ದಿಕ್ಕಿನಲ್ಲಿ. ಅಡ್ಡ ಉಜ್ಜಿದರೆ ಕಾಗದದಷ್ಟು ತೆಳುವಿನ ಅಲ್ಯೂಮಿನಿಯಂ ರೆಕ್ಕೆ ಮಡಚಿ ದಾರಿ ಮುಚ್ಚಿಹೋಗುತ್ತದೆ. ಉದುರಿದ್ದನ್ನು ಗೋಣಿಯ ಮೇಲೆ ಗುಡ್ಡೆ ಮಾಡಿ ನೋಡಿದೆವು. ಚೆರಿಯ ಸಿಪ್ಪೆ ಪುಡಿ, ಜೇಡರ ಬಲೆ, ನಮ್ಮ ನಾಯಿಯ ಕೂದಲು. ಕಣದ ಧೂಳು ಒಳಗೆ ಬರಬಾರದು ಅಂತ ತಂದ ಯಂತ್ರ ಐದು ವರ್ಷ ಅದೇ ಧೂಳನ್ನು ಬೆನ್ನಿಗೆ ಹೊತ್ತುಕೊಂಡಿತ್ತು.

ಉಳಿದದ್ದನ್ನು ನೀರಿನಿಂದ ಬಿಡಿಸಿದೆ. ನೀರು ಒಳಗಿನಿಂದ ಹೊರಕ್ಕೆ ಹೋಗಬೇಕು, ಕಸ ಬಂದ ದಾರಿಯಲ್ಲೇ ವಾಪಸ್. ಹೊರಗಿನಿಂದ ಹೊಡೆದರೆ ಇನ್ನೂ ಒಳಕ್ಕೆ ಕೂರುತ್ತದೆ. ಜೀಪು ತೊಳೆಯುವ ಪ್ರೆಶರ್ ಪಂಪು ಮನೆಯಲ್ಲೇ ಇದೆ, ಕೈ ತುರಿಸಿತು, ಆದರೂ ಮುಟ್ಟಲಿಲ್ಲ. ಆ ರಭಸಕ್ಕೆ ರೆಕ್ಕೆಗಳು ಮಲಗಿಬಿಡುತ್ತವೆ. ಗಿಡಕ್ಕೆ ನೀರು ಹಾಕುವ ಸಾದಾ ಪೈಪು ಸಾಕಾಯಿತು. ಅರ್ಧ ಗಂಟೆ ಕಾಫಿ ಡಿಕಾಕ್ಷನ್ ಬಣ್ಣದ ನೀರು ಇಳಿಯಿತು. ಆಮೇಲೆ ತಿಳಿಯಾಯಿತು. ಮಡಚಿದ್ದ ಕೆಲವು ರೆಕ್ಕೆಗಳನ್ನು ಹಳೇ ಬಾಚಣಿಗೆಯಲ್ಲಿ ಬಿಡಿಸಿದ್ದು ಮಗಳು. ಆ ತಾಳ್ಮೆ ನನಗಿಲ್ಲ.

ಸಂಜೆ ಪೂರ್ತಿ ಒಣಗಿದ ಮೇಲೆ ಹಾಕಿದೆವು. ಅರ್ಧ ಗಂಟೆ ಓಡಿದ ಮೇಲೂ 7.4 ಆಂಪ್ಸ್. ಒಳಗೆ 28, ಬಿಡುವ ಗಾಳಿ 17. ಎರಡು ವಾಲ್ವೂ ತಣ್ಣಗೆ, ಬೆವರಿದ ಹಾಗೆ ಒದ್ದೆ, ಐಸ್ ಎಲ್ಲೂ ಇಲ್ಲ. ಗ್ಯಾಸ್ ಸರಿ ಇದೆ ಅನ್ನಲು ಗೇಜ್ ಇಲ್ಲದ ನನಗೆ ಇಷ್ಟು ಸಾಕು.

ಈಗ ಹಿಂದಿನಿಂದ ಕೂಡಿಸಿ ನೋಡಿದರೆ ಲೆಕ್ಕ ಹೀಗೆ. ಶಾಖ ಹೊರಗೆ ಹೋಗದಿದ್ದರೆ ಪೈಪಿನೊಳಗೆ ಒತ್ತಡ ಏರುತ್ತದೆ. ಒತ್ತಡ ಏರಿದರೆ ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆದು ಹೆಣಗುತ್ತದೆ. ಆ ಡಬ್ಬದೊಳಗೆಲ್ಲ ಬಿಸಿ. ಕೆಪಾಸಿಟರಿಗೆ ಬಿಸಿಯೇ ಮೃತ್ಯು. ಅದು ವರ್ಷಗಟ್ಟಲೆ ಬೆಂದು ಬೆಂದು 45ರಿಂದ 19ಕ್ಕೆ ಇಳಿದಿರಬೇಕು. ಭಾನುವಾರ ನಾನು ಸತ್ತದ್ದನ್ನು ಬದಲಾಯಿಸಿದೆ, ಕೊಂದದ್ದನ್ನು ಹಾಗೇ ಬಿಟ್ಟಿದ್ದೆ. ಬುಧವಾರ ತಪ್ಪಿದ್ದರೆ ಹೊಸದೂ ಇನ್ನೆರಡು ಬೇಸಿಗೆಗೆ ಪೂರಿ ಆಗುತ್ತಿತ್ತು.

ಇನ್ನೊಂದು ತರಲೆ

ಇಷ್ಟಾದ ಮೇಲೂ ರಾತ್ರಿ ಎಂಟರ ಹೊತ್ತಿಗೆ ಎಸಿ ಆಗಾಗ ನಿಲ್ಲುತ್ತಿತ್ತು. ಈ ಸಲ ಕಾರಣ ಹುಡುಕಲು ಏನೂ ಬಿಚ್ಚಬೇಕಾಗಲಿಲ್ಲ. ಸ್ಟೆಬಿಲೈಸರ್ 'ಟಿಕ್ ಟಿಕ್' ಅನ್ನುತ್ತಿತ್ತು. ಮಗಳು ಎರಡು ದಿನ ಒಂದು ಪಟ್ಟಿ ಬರೆದಳು. ಸಂಜೆ ಆರಕ್ಕೆ 218 ವೋಲ್ಟ್. ಏಳೂವರೆಗೆ 196. ಎಂಟೂಕಾಲಿಗೆ 178. ಒಂಬತ್ತಕ್ಕೆ 170ರ ಕೆಳಗೆ, ಅಲ್ಲಿಗೆ ಸ್ಟೆಬಿಲೈಸರ್ ಕೈ ಬಿಡುತ್ತದೆ.

ಮಾರ್ಚ್ ಅಲ್ವಾ? ಹೂಮಳೆ ಬರಲಿಲ್ಲ ಅಂದರೆ ರೋಬಸ್ಟಾ ತೋಟದವರೆಲ್ಲ ಕೆರೆಗೆ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ಹಾಕುತ್ತಾರೆ. ನೀರು ಬಿದ್ದು ಎಂಟು ಹತ್ತು ದಿನಕ್ಕೆ ಹೂ ಅರಳಬೇಕು, ಇಲ್ಲದಿದ್ದರೆ ಮುಂದಿನ ಬೆಳೆ ಇಲ್ಲ. ಒಂದೇ ಟ್ರಾನ್ಸ್‌ಫಾರ್ಮರ್ ಮೇಲೆ ಅಷ್ಟೂ ಮೋಟಾರ್ ಕೂತರೆ ಮನೆಗಳಿಗೆ ಉಳಿಯುವುದು ಮಿಣುಕು ಕರೆಂಟ್. ಮೋಟಾರಿಗೆ ಎತ್ತುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ರ ಜಾಗದಲ್ಲಿ 180 ಬಂದರೆ ಬಲ ನೂರಕ್ಕೆ 61 ಮಾತ್ರ. ಸ್ಟೆಬಿಲೈಸರ್ ಮೇಲೆತ್ತಿ ಕೊಡುತ್ತದೆ ನಿಜ, ಆದರೆ ಅದಕ್ಕೆ ಲೈನಿನಿಂದ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಎಲ್ಲರ ಮನೆಯಲ್ಲೂ ಹಾಗೇ ಆದರೆ ಲೈನ್ ಇನ್ನೂ ಕುಸಿಯುತ್ತದೆ.

ಪಕ್ಕದ ತೋಟದ ಅಣ್ಣನಿಗೆ ಫೋನ್ ಮಾಡಿ, ಮೋಟಾರ್ ಸ್ವಲ್ಪ ತಡವಾಗಿ ಹಾಕಲು ಆಗುತ್ತದಾ ಅಂತ ಕೇಳಿದೆ.

"ನಿನ್ನ ಐದು ಎಚ್‌ಪಿ ಎಷ್ಟು ಗಂಟೆಗೆ ಹಾಕ್ತೀಯ?" ಅಂದರು.

ಏಳೂವರೆಗೆ. ಪಟ್ಟಿಯಲ್ಲಿ 218 ಇದ್ದದ್ದು 196ಕ್ಕೆ ಬಿದ್ದ ಹೊತ್ತು. ಮಗಳು ನಗುತ್ತಾ ಆ ಸಾಲಿನ ಮುಂದೆ 'ಪಪ್ಪ' ಅಂತ ಬರೆದಳು.

ಕೊನೆಗೆ ನಾವಿಬ್ಬರೂ ಮೋಟಾರಿಗೆ ಸರದಿ ಮಾಡಿಕೊಂಡೆವು. ಒಂದು ದಿನ ಅವರದು ರಾತ್ರಿ, ನಮ್ಮದು ಬೆಳಗಿನ ಜಾವ. ಮಾರನೇ ದಿನ ತಿರುಗಾಮುರುಗಾ. ಎಸಿಯನ್ನು ಸಂಜೆ ಐದಕ್ಕೇ ಹಾಕಿ ರೂಮನ್ನು ತಣ್ಣಗೆ ಮಾಡಿಟ್ಟು ಏಳೂವರೆಗೆ ಆಫ್. ಗೋಡೆ ಒಮ್ಮೆ ತಣ್ಣಗಾದರೆ ಒಂದೆರಡು ಗಂಟೆ ಹಿಡಿದಿಟ್ಟುಕೊಳ್ಳುತ್ತದೆ. ಹತ್ತರ ಮೇಲೆ ಬೇಕಾದರೆ ಮತ್ತೆ ಹಾಕುವುದು. ಸ್ಪ್ರಿಂಕ್ಲರ್ ಇರುವ ಆ ಕೆಲವು ದಿನಕ್ಕೆ ಇಷ್ಟು ಸಾಕು. ಕಾಫಿಗೆ ನೀರು ಬೇಕೋ ಎಸಿಗೆ ಕರೆಂಟ್ ಬೇಕೋ ಅಂತ ಬಂದರೆ ನಮ್ಮ ಮನೆಯಲ್ಲಿ ಅಪ್ಪನೂ ಕಾಫಿಯ ಕಡೆಗೇ.

ಒಟ್ಟು ಖರ್ಚು: ಕೆಪಾಸಿಟರಿಗೆ 280. ಪಂಪಿನ ಜೋಡಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅದರಲ್ಲಿ 36ರದ್ದು ಆಗಲೇ ಮನೆ ಬಾವಿಯ ಮೋಟಾರಿಗೆ ಹೋಯಿತು. ಈಗ ಹೊರಗಿನ ಯೂನಿಟ್ಟಿಗೂ ಕಣಕ್ಕೂ ನಡುವೆ ಒಂದು ಶೇಡ್ ನೆಟ್ ಕಟ್ಟಿದ್ದೇನೆ, ಗಾಳಿಗೆ ಅಡ್ಡ ಆಗದಷ್ಟು ದೂರಕ್ಕೆ. ಚೆರಿ ಒಣಗಿಸುವ ಮೂರು ತಿಂಗಳು, ಹದಿನೈದು ದಿನಕ್ಕೊಮ್ಮೆ ಬೆನ್ನಿಗೆ ಬ್ರಷ್ ಆಡಿಸುವುದು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.

ಉಳಿದಿರುವುದು ಯೂನಿಟ್ಟನ್ನು ಗೋಡೆಯಿಂದ ದೂರ ಸರಿಸಿ ಮನೆಯ ಪೂರ್ವದ ಬದಿಗೆ ಹಾಕುವ ಕೆಲಸ. ಅದಕ್ಕೆ ಎರಡು ಮೀಟರ್ ತಾಮ್ರದ ಪೈಪು ಜಾಸ್ತಿ ಬೇಕು. ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಇಳಿಸಿ ಮುಚ್ಚಬೇಕು, ಹೊಸ ಜಾಯಿಂಟ್‌ಗಳನ್ನು ನೈಟ್ರೋಜನ್ ಹಾಕಿ ಪರೀಕ್ಷೆ ಮಾಡಬೇಕು, ವ್ಯಾಕ್ಯೂಮ್ ಹಿಡಿಯಬೇಕು. ಅದು ನನ್ನ ಕೈಯ ಕೆಲಸ ಅಲ್ಲ. ಜಂಬ ಬಿಟ್ಟು ಅದೇ ಮೆಕ್ಯಾನಿಕ್ ಹುಡುಗನಿಗೆ ಫೋನ್ ಮಾಡಿದೆ. ಮಳೆ ಹಿಡಿಯುವ ಮುಂಚೆ ಬರುತ್ತೇನೆ ಅಂದ. ಏನಾಗಿತ್ತು ಅಂತ ಕೇಳಿದ, ಹೇಳಿದೆ. ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಗ್ಯಾಸ್ ಯಾರು ಹಾಕಿದ್ದು ಸಾರ್?" ಅಂದ.

ಅಪ್ಪ ಮೊನ್ನೆ ರಾತ್ರಿ ಎರಡು ಗಂಟೆಗೆ ಮತ್ತೆ ಕೂಗಿದರು. ಮೀಟರ್ ಹಿಡಿದುಕೊಂಡೇ ಓಡಿದೆ.

"ಚಳಿ ಆಗ್ತದೆ ಮಗ. ಇದನ್ನು ಆಫ್ ಮಾಡು."

ರಿಮೋಟ್ ನೋಡಿದರೆ, 16.